ಅರಿಶಿನ, ಜೀವಕೋಶ ಮತ್ತು ಅಂಗಡಿಯ ಮಾತು

ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕಿರಾಣಿ ಅಂಗಡಿಗಳಲ್ಲಿ ಅರಿಶಿನ ತೂಗದ ದಿನವಿಲ್ಲ. ಈಗ ಪುಡಿಯ ಜೊತೆಗೆ ಅರಿಶಿನದ ಗುಳಿಗೆಗಳೂ ಬಂದಿವೆ. "ಕ್ಯಾನ್ಸರಿಗೆ ಚಲೋ ಅಂತಾರ, ಖರೇ ಏನ್ರಿ?" ಎಂದು ಗಿರಾಕಿಗಳು ಕೇಳಿದರೆ ನಾವು ಏನು ಹೇಳಬೇಕು? ಮೊದಲು ಈ ಮಾತಿನ ಮೂಲವನ್ನು ತಿಳಿಯೋಣ.

ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆಯಿರುತ್ತದೆ. ನೇಕಾರರ ಕಂಡಿಕೆಗೆ ನೂಲು ಸುತ್ತಿದಂತೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿರುವಲ್ಲಿ ಜೀನುಗಳು ಸುಮ್ಮನಿರುತ್ತವೆ. ಪಿ300 ಎಂಬ ಕಿಣ್ವವು ಹಿಸ್ಟೋನುಗಳಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ತುಣುಕನ್ನು ಅಂಟಿಸುತ್ತದೆ. ಆಗ ಹಿಡಿತ ಸಡಿಲವಾಗಿ ಅಲ್ಲಿಯ ಜೀನು ಕೆಲಸಕ್ಕೆ ತೊಡಗುತ್ತದೆ. ಬೇರೆ ಕಿಣ್ವಗಳು ಆ ತುಣುಕನ್ನು ತೆಗೆದುಹಾಕುತ್ತವೆ. ಈ ಜಮಾ-ಖರ್ಚು ಸರಿದೂಗಬೇಕು. ಪಿ300 ಅಥವಾ ಅದರ ಜೊತೆಗಾರ ಸಿಬಿಪಿಯ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ರುಬಿನ್‌ಸ್ಟೈನ್-ಟೇಬಿ ಸಿಂಡ್ರೋಮ್ ಬರುತ್ತದೆ. ಅಂಥ ಮಕ್ಕಳ ಹೆಬ್ಬೆರಳು ಅಗಲವಾಗಿದ್ದು, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುತ್ತವೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ತಪಸ್ ಕುಮಾರ್ ಕುಂಡು ಅವರ ತಂಡವು ಈ ಕಿಣ್ವವನ್ನು ತಡೆಯುವ ವಸ್ತುಗಳನ್ನು ಹುಡುಕಿತು. ಸಿಕ್ಕವೆಲ್ಲ ನಮ್ಮ ಪೇಟೆಯ ಮಾಲುಗಳಲ್ಲಿಯೇ! 2003ರಲ್ಲಿ ಗೇರುಬೀಜದ ಸಿಪ್ಪೆಯ ಅನಾಕಾರ್ಡಿಕ್ ಆಮ್ಲ. 2004ರಲ್ಲಿ ಕೋಕಂ ಹಣ್ಣಿನ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್. ಬಾಯಿಯ ಕ್ಯಾನ್ಸರಿನ ಗಂಟುಗಳಲ್ಲಿ ಹಿಸ್ಟೋನುಗಳ ಮೇಲೆ ಅಸಿಟೈಲ್ ವಿಪರೀತವಾಗಿರುವುದನ್ನು 2010ರಲ್ಲಿ ಇದೇ ತಂಡ ತೋರಿಸಿತು. ತಂಬಾಕು ಜಗಿಯುವವರಿರುವ ನಮ್ಮ ಭಾಗಕ್ಕೆ ಇದು ಮುಖ್ಯವಾದ ಸಂಗತಿ.

ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಪ್ರಯೋಗಕ್ಕೆ ವಿಜ್ಞಾನಿಗಳು ಅಡುಗೆಯ ಅರಿಶಿನವನ್ನು ಬಳಸಲಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದ್ದರಿಂದ ಅದನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವ ಹೊಸ ವಸ್ತುವನ್ನು ತಯಾರಿಸಿದರು. ಅದು ಇಲಿಗಳಲ್ಲಿ ಗಂಟಿನ ಬೆಳವಣಿಗೆಯನ್ನು ತಗ್ಗಿಸಿತು. ಪ್ರಯೋಗಶಾಲೆಯ ಈ ಫಲವು ರೋಗಿಯ ಔಷಧವಲ್ಲ. ಹೆಚ್ಚಿನ ಪ್ರಮಾಣದ ಅರಿಶಿನ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ.

ಬಾಯಿಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣಿರುವ ಗಿರಾಕಿಯು ಗುಳಿಗೆಯ ಡಬ್ಬಿ ಹಿಡಿದು ಮನೆಗೆ ಹೋದರೆ, ಚಿಕಿತ್ಸೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಅರಿಶಿನವನ್ನು ಅಡುಗೆಗೆಂದೇ ಮಾರೋಣ. ಹುಣ್ಣಿದ್ದವರಿಗೆ ವೈದ್ಯರ ದಾರಿ ತೋರಿಸೋಣ. ತಕ್ಕಡಿಯಲ್ಲಿ ಮೋಸ ಮಾಡದವರು ಮಾತಿನಲ್ಲಿಯೂ ಮಾಡಬಾರದು.