ವೆಡ್ಜ್ ಆರಿಸುವಾಗ ಎರಡನೇ ನಂಬರ್ ನೋಡಿ

ಗಾಲ್ಫ್ ವೆಡ್ಜ್ ಒಂದನ್ನ ತಿರುಗಿಸಿ ಅದರ ತಳ ನೋಡಿದ್ರೆ ಸಾಮಾನ್ಯವಾಗಿ ಎರಡು ನಂಬರ್ ಕೆತ್ತಿರುತ್ತೆ. 56 ಮತ್ತು 10, ಅಥವಾ 52 ಮತ್ತು 8, ಹೀಗೆ. ಮೊದಲನೇ ನಂಬರ್ ಏನು ಅಂತ ಆಡೋರನ್ನ ಕೇಳಿದ್ರೆ ಥಟ್ ಅಂತ ಹೇಳ್ತಾರೆ. ಎರಡನೇದು ಕೇಳಿದ್ರೆ ಸುಮಾರು ಜನ ತಲೆ ಕೆರೆದುಕೊಳ್ತಾರೆ. ನನ್ನ ಪ್ರಕಾರ ಹೊಸಬರನ್ನ ಹೆಚ್ಚು ಕಾಪಾಡೋದು ಆ ಎರಡನೇ ನಂಬರೇ. ಅಂದಹಾಗೆ ಇದು ವೆಡ್ಜ್, ಮೆಸ್ಸಿನ ವೆಜ್ ಅಲ್ಲ.

ನಮ್ಮ ಕಾಲೇಜಲ್ಲಿ ಗಾಲ್ಫ್ ಆಡೋರನ್ನ ಒಂದು ಕೈಯಲ್ಲಿ ಎಣಿಸಬಹುದು. ಭಾನುವಾರ ಡ್ರೈವಿಂಗ್ ರೇಂಜ್‌ಗೆ ಹೋಗಿ ಒಂದು ಬಕೆಟ್ ಬಾಲ್ ಹೊಡೆದು ಬರೋ ಗುಂಪು ನಮ್ಮದು. ಮನೆಯ ಹಿರಿಯರು ಯಾರೋ ಕೊಟ್ಟ ಹಳೇ ಐರನ್ ಸೆಟ್ ಇರುತ್ತೆ, ಅದರಲ್ಲಿ ವೆಡ್ಜ್ ಅಂದ್ರೆ ಒಂದೇ ಒಂದು. ಇಂಟರ್ನೆಟ್ ಕೇಳಿದ್ರೆ 52, 56, 60 ಮೂರೂ ತಗೊಳ್ಳಿ ಅನ್ನುತ್ತೆ. ಮೂರಕ್ಕೆ ದುಡ್ಡು ಯಾರ ಹತ್ರ ಇದೆ? ಸೆಮಿಸ್ಟರ್ ಪೂರ್ತಿ ಉಳಿಸಿ ಒಂದು ಕೊಳ್ಳೋದಾದ್ರೆ ಯಾವುದು ಅನ್ನೋದು ನಿಜವಾದ ಪ್ರಶ್ನೆ. ಆಡದೇ ಇರೋರೂ ಓದಬಹುದು, ಒಳಗಿರೋದೆಲ್ಲ ಮೆಕ್ಯಾನಿಕ್ಸೇ.

ಗೊತ್ತಿಲ್ಲದೋರಿಗೆ ಎರಡು ಮಾತು. ಒಬ್ಬ ಆಟಗಾರ ಬ್ಯಾಗಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಕೋಬಹುದು. ಈ ನಿಯಮ ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಬಂತು. ದೂರ ಹೊಡೆಯೋಕೆ ಡ್ರೈವರ್, ನಡುವಿನ ದೂರಕ್ಕೆ ಐರನ್, ಕೊನೆಗೆ ಬಾಲನ್ನ ಕುಳಿಗೆ ಉರುಳಿಸೋಕೆ ಪಟರ್. ಗ್ರೀನ್‌ಗೆ ಇನ್ನು 100 ಗಜವೋ 20 ಗಜವೋ ಉಳಿದಾಗ, ಇಲ್ಲಾ ಬಾಲ್ ಹೋಗಿ ಬಂಕರಿನ ಮರಳಲ್ಲಿ ಕೂತಾಗ, ಅದನ್ನ ಮೇಲಕ್ಕೆತ್ತಿ ಮೆತ್ತಗೆ ಇಳಿಸಬೇಕು. ಆ ಕೆಲಸಕ್ಕೆ ಇರೋ ಕ್ಲಬ್‌ಗಳೇ ವೆಡ್ಜ್. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ಪಡೆದರಲ್ಲ, ಅವರು ದೂರ ಹೊಡೆಯೋದ್ರಲ್ಲಿ ಮುಂದಿನ ಸಾಲಿನವರೇನಲ್ಲ. ಪದಕದ ಹತ್ತಿರಕ್ಕೆ ಅವರನ್ನ ಕರ್ಕೊಂಡು ಹೋಗಿದ್ದು ಗ್ರೀನಿನ ಹತ್ತಿರದ ಮತ್ತು ಗ್ರೀನಿನ ಮೇಲಿನ ಆಟ.

ಮೊದಲನೇ ನಂಬರ್ ಲಾಫ್ಟ್. ಕ್ಲಬ್ಬಿನ ಮುಖ ಲಂಬದಿಂದ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಅನ್ನೋದು. ಪಿಚಿಂಗ್ ವೆಡ್ಜ್ 44ರಿಂದ 48, ಗ್ಯಾಪ್ ವೆಡ್ಜ್ 50ರಿಂದ 52, ಸ್ಯಾಂಡ್ ವೆಡ್ಜ್ 54ರಿಂದ 56, ಲಾಬ್ ವೆಡ್ಜ್ 58ರಿಂದ 60, ಹೆಚ್ಚುಕಮ್ಮಿ ಹೀಗಿರುತ್ತೆ. ಪಿಯುಸಿಯಲ್ಲಿ 45 ಡಿಗ್ರಿಗೆ ರೇಂಜ್ ಗರಿಷ್ಠ ಅಂತ ಓದಿದ್ದೀವಿ, ಹಾಗಾದ್ರೆ ಪಿಚಿಂಗ್ ವೆಡ್ಜೇ ಎಲ್ಲಕ್ಕಿಂತ ದೂರ ಹೋಗ್ಬೇಕಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಇಲ್ಲ. ಬಾಲ್ ಮುಖದ ದಿಕ್ಕಿಗೇ ಹೊರಡಲ್ಲ. ಕ್ಲಬ್ ಓಡ್ತಿರೋದು ಹೆಚ್ಚುಕಡಿಮೆ ಅಡ್ಡಕ್ಕೆ, ಮುಖ ವಾಲಿರೋದು ಮೇಲಕ್ಕೆ, ಹಾಗಾಗಿ ಪೆಟ್ಟು ಓರೆಯಾಗಿ ಬೀಳುತ್ತೆ. ಶಕ್ತಿಯ ಒಂದು ಪಾಲು ಸ್ಪಿನ್‌ಗೆ ಹೋಗುತ್ತೆ, ಬಾಲಿನ ವೇಗ ಇಳಿಯುತ್ತೆ. ವೃತ್ತಿಪರರ ಪಿಚಿಂಗ್ ವೆಡ್ಜ್ ಹೊಡೆತದಲ್ಲೂ ಬಾಲ್ ಹೊರಡೋದು ಸುಮಾರು 24 ಡಿಗ್ರಿ ಕೋನದಲ್ಲಿ ಮಾತ್ರ.

ಲಾಫ್ಟ್ ಆರಿಸೋ ಲೆಕ್ಕ ಸುಲಭ, ಆದ್ರೆ ಅದು ಶುರುವಾಗೋದು ಅಂಗಡಿಯಲ್ಲಲ್ಲ, ನಿಮ್ಮ ಬ್ಯಾಗಲ್ಲಿ. ನಿಮ್ಮ ಸೆಟ್ಟಿನ ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ ಅಂತ ಮೊದಲು ತಿಳ್ಕೊಳ್ಳಿ. ಕೆಲವು ದಶಕಗಳ ಹಿಂದೆ ಅದು 50ರ ಹತ್ತಿರ ಇರ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 43, 44. ಸೆವೆನ್ ಐರನ್ ದೂರ ಹೋಗುತ್ತೆ ಅಂದ್ರೆ ಸೆಟ್ ಚೆನ್ನಾಗಿ ಮಾರಾಟ ಆಗುತ್ತಲ್ಲ, ಅದಕ್ಕೆ ಕಂಪನಿಗಳು ಎಲ್ಲಾ ಐರನ್‌ಗಳ ಲಾಫ್ಟನ್ನೂ ಇಳಿಸುತ್ತಾ ಬಂದವು. ಪೂರ್ತಿ ಮೋಸ ಅನ್ನೋಕಾಗಲ್ಲ, ಹೊಸ ಐರನ್‌ಗಳಲ್ಲಿ ಗುರುತ್ವಕೇಂದ್ರ ಕೆಳಗಿರೋದ್ರಿಂದ ಕಡಿಮೆ ಲಾಫ್ಟಲ್ಲೂ ಬಾಲ್ ಮೇಲೇಳುತ್ತೆ. ಆದ್ರೆ ಬೆಂಚಲ್ಲಿ ಕೂತೋರೆಲ್ಲಾ ಮುಂದಕ್ಕೆ ಸರಿದ್ರೆ ಕೊನೇಲಿ ಜಾಗ ಖಾಲಿ ಆಗುತ್ತೆ. ಸ್ಯಾಂಡ್ ವೆಡ್ಜ್ 56ರಲ್ಲೇ ಕೂತಿತ್ತು, ಪಿಚಿಂಗ್ ವೆಡ್ಜ್ ಮುಂದೆ ಹೋಯ್ತು. ನಡುವಿನ ಖಾಲಿ ಜಾಗ ತುಂಬೋಕೆ ಬಂದಿದ್ದೇ ಗ್ಯಾಪ್ ವೆಡ್ಜ್.

ಒಂದು ಉದಾಹರಣೆ. ನಿಮ್ಮ 44 ಡಿಗ್ರಿ ವೆಡ್ಜ್ ಪೂರ್ತಿ ಬೀಸಿದ್ರೆ 110 ಗಜ, 56 ಡಿಗ್ರಿಯದು 75 ಗಜ ಅಂತ ಇಟ್ಕೊಳ್ಳಿ. ಗ್ರೀನ್‌ಗೆ 92 ಗಜ ಉಳಿದಿದೆ. ಒಂದನ್ನ ಮೆತ್ತಗೆ ಬೀಸಬೇಕು, ಇಲ್ಲಾ ಇನ್ನೊಂದನ್ನ ಮೈಮೇಲೆ ದೇವರು ಬಂದಂಗೆ ಬೀಸಬೇಕು. ಎರಡೂ ನಮ್ಮಂಥೋರ ಕೈಯಲ್ಲಿ ಆಗದ ಕೆಲಸ. 50 ಡಿಗ್ರಿಯದ್ದೊಂದು ಇದ್ರೆ ಪ್ರಾಬ್ಲಮ್ ಸಾಲ್ವ್. ವೆಡ್ಜ್‌ಗಳ ನಡುವೆ 4ರಿಂದ 6 ಡಿಗ್ರಿ ಅಂತರ ಇಡಿ ಅನ್ನೋದು ಇದಕ್ಕೇ. ಹಳೇ ಸೆಟ್ ಇರೋರು ಅದೃಷ್ಟವಂತರು. ಪಿಚಿಂಗ್ ವೆಡ್ಜ್ 48 ಆಗಿದ್ರೆ, ಪಕ್ಕದಲ್ಲಿ 54ರದ್ದೊಂದು ಇಟ್ಟರೆ ಮುಗೀತು, ನಡುವಿನ ಕ್ಲಬ್ಬಿನ ದುಡ್ಡು ಉಳಿಯಿತು.

ಈಗ ಎರಡನೇ ನಂಬರ್. ಅದರ ಹೆಸರು ಬೌನ್ಸ್. ಶಾಫ್ಟ್ ನೆಟ್ಟಗೆ ಇರೋ ಹಾಗೆ ವೆಡ್ಜನ್ನ ಹಿಡಿದು ತಳವನ್ನ ಪಕ್ಕದಿಂದ ನೋಡಿ. ಮುಂದಿನ ಅಂಚು ಸ್ವಲ್ಪ ಮೇಲಿರುತ್ತೆ, ಹಿಂದಿನ ಭಾಗ ಕೆಳಗೆ ಇಳಿದಿರುತ್ತೆ. ತಳದ ಆ ಇಳಿಜಾರಿಗೂ ನೆಲಕ್ಕೂ ನಡುವಿನ ಕೋನವೇ ಬೌನ್ಸ್. ವರ್ಕ್‌ಶಾಪ್‌ನಲ್ಲಿ ಲೇತ್ ಟೂಲಿನ ಕ್ಲಿಯರೆನ್ಸ್ ಆ್ಯಂಗಲ್ ನೆನಪಿದೆಯಾ? ಕತ್ತರಿಸೋ ಅಂಚಿನ ಹಿಂದಿನ ಮೈ ಜಾಬಿಗೆ ಉಜ್ಜಬಾರದು ಅಂತ ಅದನ್ನ ದೂರ ಸರಿಸಿರ್ತಾರೆ. ವೆಡ್ಜಲ್ಲಿ ಇದರ ಉಲ್ಟಾ. ಅಂಚಿನ ಹಿಂದಿನ ಮೈ ಬೇಕಂತಲೇ ಕೆಳಗಿದೆ, ನೆಲಕ್ಕೆ ಉಜ್ಜಲೇಬೇಕು. ಹಾಗೆ ಉಜ್ಜಿದಾಗ ನೆಲ ಕ್ಲಬ್ಬನ್ನ ಮೇಲಕ್ಕೆ ತಳ್ಳುತ್ತೆ, ಅಂಚು ಒಳಕ್ಕೆ ಅಗೆಯೋ ಬದಲು ಜಾರಿ ಮುಂದೆ ಹೋಗುತ್ತೆ. ಬಾಲಿಗಿಂತ ಒಂದಿಂಚು ಹಿಂದೆ ನೆಲಕ್ಕೆ ಹೊಡೆದರೂ ಕ್ಲಬ್ ಅಲ್ಲೇ ಹೂತುಹೋಗದೆ ಬಾಲ್ ತನಕ ತಲುಪುತ್ತೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

ಇದರ ಹಿಂದೆ ಒಳ್ಳೇ ಕತೆ ಇದೆ. 1930ರ ಸುಮಾರಿಗೆ ಬಂಕರಿಂದ ಬಾಲ್ ಎತ್ತೋಕೆ ಚಮಚದ ಹಾಗೆ ಒಳಬಾಗಿದ ಮುಖದ ವೆಡ್ಜ್ ಒಂದು ಬಂದಿತ್ತು, 1931ರಲ್ಲಿ ಅದನ್ನ ನಿಷೇಧಿಸಿದರು. ಆ ಕಾಲದ ದೊಡ್ಡ ಆಟಗಾರ ಜೀನ್ ಸಾರಾಜೆನ್‌ಗೆ ಬಂಕರ್ ಅಂದ್ರೆ ತಲೆನೋವು. ಅವರೇ ಹೇಳಿಕೊಂಡಿರೋ ಪ್ರಕಾರ, ಹೊವಾರ್ಡ್ ಹ್ಯೂಸ್ ಜೊತೆ ವಿಮಾನದಲ್ಲಿ ಹೋಗುವಾಗ ಹೊಳೆಯಿತಂತೆ: ಬಾಲ ಕೆಳಗಾದ್ರೆ ಮೂತಿ ಮೇಲೇಳುತ್ತೆ. ಹಾಗಾದ್ರೆ ಕ್ಲಬ್ಬಿನ ಹಿಂಭಾಗವನ್ನ ಕೆಳಕ್ಕೆ ಇಳಿಸಿದ್ರೆ? ತಮ್ಮ ಹಳೇ ಕ್ಲಬ್ಬಿನ ತಳಕ್ಕೆ ಬೆಸುಗೆ ಹಾಕಿ ಲೋಹ ತುಂಬಿಸಿ, ಉಜ್ಜಿ, ಮರಳಲ್ಲಿ ಹೊಡೆದು, ಮತ್ತೆ ಉಜ್ಜಿ, ಹಾಗೇ ರೂಪ ಕೊಟ್ಟರು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸಲ್ಲಿ ಅದೇ ಕ್ಲಬ್ ಇಟ್ಕೊಂಡು ಬ್ರಿಟಿಷ್ ಓಪನ್ ಗೆದ್ದರು. ಮೊದಲೇ ಕಣ್ಣಿಗೆ ಬಿದ್ರೆ ಇದನ್ನೂ ನಿಷೇಧಿಸ್ತಾರೆ ಅಂತ ಪಂದ್ಯಕ್ಕೆ ಮುಂಚೆ ಅದನ್ನ ಬಚ್ಚಿಡ್ತಿದ್ದರಂತೆ. ಪ್ರೋಟೋಟೈಪ್, ಟೆಸ್ಟ್, ಐಟರೇಷನ್, ಎಲ್ಲಾ ಒಬ್ಬನೇ ಆಟಗಾರನ ಕೈಯಲ್ಲಿ. ಇವತ್ತಿನ ಪ್ರತಿ ಸ್ಯಾಂಡ್ ವೆಡ್ಜೂ ಅದರ ಮೊಮ್ಮಗು.

ಬೌನ್ಸ್ 4ರಿಂದ 6 ಇದ್ರೆ ಕಡಿಮೆ, 7ರಿಂದ 10 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು ಅಂತ ಲೆಕ್ಕ. ನಿಮಗೆ ಯಾವುದು ಅನ್ನೋದನ್ನ ಎರಡು ವಿಷಯ ತೀರ್ಮಾನ ಮಾಡುತ್ತೆ. ಒಂದು ನಿಮ್ಮ ಬೀಸು, ಇನ್ನೊಂದು ನೆಲ.

ಬೀಸು ಅಂದ್ರೆ ಕ್ಲಬ್ ಎಷ್ಟು ಕಡಿದಾಗಿ ಕೆಳಗಿಳಿಯುತ್ತೆ ಅನ್ನೋದು. ಹೊಡೆದ ಮೇಲೆ ಹುಲ್ಲು ಸಮೇತ ಚಪಾತಿ ಗಾತ್ರದ ಮಣ್ಣು ಏಳುತ್ತಾ? ನೀವು ಅಗೆಯೋರು, ಬೌನ್ಸ್ ಜಾಸ್ತಿ ಬೇಕು. ಹುಲ್ಲು ಬರೀ ಸವರಿದ ಹಾಗಿರುತ್ತಾ? ಕಡಿಮೆ ಸಾಕು. ಇಲ್ಲಿ ಒಂದು ಸಣ್ಣ ಗಣಿತ ಇದೆ. ಕೆತ್ತಿರೋ ಬೌನ್ಸ್ ಶಾಫ್ಟ್ ನೆಟ್ಟಗಿದ್ದಾಗಿನ ಬೌನ್ಸ್. ಹೊಡೆಯುವಾಗ ಕೈಗಳು ಬಾಲಿಗಿಂತ ಮುಂದಿದ್ದು ಶಾಫ್ಟ್ 8 ಡಿಗ್ರಿ ಮುಂದಕ್ಕೆ ವಾಲಿದ್ರೆ, 56 ಮತ್ತು 12 ಅಂತ ಕೆತ್ತಿರೋ ವೆಡ್ಜ್ ಆ ಕ್ಷಣದಲ್ಲಿ 48 ಮತ್ತು 4 ಆಗಿರುತ್ತೆ. ಮೊದಲೇ 4 ಡಿಗ್ರಿ ಬೌನ್ಸ್ ಇರೋದನ್ನ ಹೀಗೆ ವಾಲಿಸಿ ಹೊಡೆದ್ರೆ ಮೈನಸ್ 4, ಅಂದ್ರೆ ಅಪ್ಪಟ ಗುದ್ದಲಿ. ಉಲ್ಟಾ, ಬಂಕರಲ್ಲಿ ಮಾಡೋ ಹಾಗೆ ಮುಖವನ್ನ ಆಕಾಶಕ್ಕೆ ತೆರೆದರೆ ಲಾಫ್ಟ್ ಮತ್ತು ಬೌನ್ಸ್ ಎರಡೂ ಏರುತ್ತೆ.

ಆಗ ಇನ್ನೊಂದು ತೊಂದರೆ. ಗಟ್ಟಿ ನೆಲದ ಮೇಲೆ ಮುಖ ತೆರೆದರೆ ಮುಂದಿನ ಅಂಚು ತುಂಬಾ ಮೇಲೆದ್ದು ಬಾಲಿನ ಹೊಟ್ಟೆಗೇ ಬಡಿಯುತ್ತೆ, ಬಾಲ್ ಗ್ರೀನ್ ದಾಟಿ ಎಲ್ಲೋ ಹೋಗುತ್ತೆ. ಅದಕ್ಕೇ ತಳದ ಹಿಮ್ಮಡಿ ಮತ್ತು ತುದಿಯ ಕಡೆ ಲೋಹ ಉಜ್ಜಿ ತೆಗೆದಿರ್ತಾರೆ, ಅದನ್ನ ಗ್ರೈಂಡ್ ಅಂತಾರೆ. ಕಂಪನಿಗೊಂದು ಅಕ್ಷರ, ಅಕ್ಷರಕ್ಕೊಂದು ಆಕಾರ. ನಮ್ಮ ಹಂತದಲ್ಲಿ ಇದಕ್ಕೆ ತಲೆ ಕೆಡಿಸ್ಕೋಬೇಡಿ.

ನೆಲದ ವಿಷಯಕ್ಕೆ ಬರೋಣ. ಮೆತ್ತಗಿನ ಒದ್ದೆ ನೆಲ, ಪುಡಿಪುಡಿ ಮರಳು ಆದ್ರೆ ಬೌನ್ಸ್ ಹೆಚ್ಚು. ಗಟ್ಟಿ ನೆಲ, ಗಿಡ್ಡ ಹುಲ್ಲು, ಒತ್ತಾದ ಮರಳಾದ್ರೆ ಕಡಿಮೆ. ಪುಸ್ತಕದ ನಿಯಮ ಇಷ್ಟೇ, ಆದ್ರೆ ನಮ್ಮೂರಲ್ಲಿ ಒಂದೇ ಕೋರ್ಸ್ ವರ್ಷದಲ್ಲಿ ಎರಡು ಥರ ಇರುತ್ತೆ. ಮಾರ್ಚಲ್ಲಿ ಕೆಂಪು ಮಣ್ಣು ಸಿಮೆಂಟಿನ ಹಾಗೆ, ಮಳೆಗಾಲದಲ್ಲಿ ಅದೇ ಜಾಗ ಕೇಕಿನ ಹಾಗೆ. ಬೆಂಗಳೂರಲ್ಲಿ ಗಾಲ್ಫ್ ಹೊಸದೇನಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆದ್ರೆ ವೆಡ್ಜ್ ಬಗ್ಗೆ ನಾವು ನೋಡೋ ವಿಡಿಯೋಗಳೆಲ್ಲ ಅಮೆರಿಕ, ಇಂಗ್ಲೆಂಡಿನ ನೆಲದವು. ಬಿಸಿ ದೇಶದ ಕೋರ್ಸ್‌ಗಳಲ್ಲಿ ಬೆಳೆಸೋ ಬರ್ಮುಡಾ ಹುಲ್ಲು ಅಂದ್ರೆ ಬೇರೇನಲ್ಲ, ಗಣೇಶನಿಗೆ ಏರಿಸೋ ನಮ್ಮ ಗರಿಕೆಯ ಜಾತಿಯೇ. ಬಳ್ಳಿ ಥರ ಹಬ್ಬಿ ಹೆಣೆದುಕೊಳ್ಳೋ ಹುಲ್ಲು, ಉದ್ದ ಬಿಟ್ಟರೆ ಕ್ಲಬ್ಬನ್ನ ಹಿಡಿದು ನಿಲ್ಲಿಸುತ್ತೆ. ಎರಡೂ ಕಾಲಕ್ಕೆ ಒಂದೇ ವೆಡ್ಜ್ ಅಂದ್ರೆ 10ರ ಆಸುಪಾಸಿನ ಬೌನ್ಸೇ ಸೇಫ್.

ಒಂದು ಎಚ್ಚರಿಕೆ. ಇದನ್ನೆಲ್ಲ ರೇಂಜಿನ ಪ್ಲಾಸ್ಟಿಕ್ ಮ್ಯಾಟ್ ಮೇಲೆ ಪರೀಕ್ಷೆ ಮಾಡೋಕೆ ಹೋಗಬೇಡಿ. ಮ್ಯಾಟಲ್ಲಿ ಎಂಥ ಕ್ಲಬ್ಬೂ ಅಗೆಯಲ್ಲ, ಜಾರುತ್ತೆ. ಎರಡಿಂಚು ಹಿಂದೆ ಹೊಡೆದರೂ ಬಾಲ್ ಚೆನ್ನಾಗೇ ಹಾರುತ್ತೆ. ಹುಲ್ಲಿರೋ ಜಾಗದಲ್ಲಿ ಹತ್ತು ಬಾಲ್ ಹೊಡೆಯೋಕೆ ಅವಕಾಶ ಸಿಕ್ಕಿದ್ರೆ ಅದು ಮ್ಯಾಟಿನ ನೂರಕ್ಕೆ ಸಮ.

ಇನ್ನು 60 ಡಿಗ್ರಿ. ಫಿಲ್ ಮಿಕೆಲ್ಸನ್ ಬಾಲನ್ನ ನೆಟ್ಟಗೆ ಮೇಲಕ್ಕೆ ಹಾರಿಸೋ ವಿಡಿಯೋ ನೋಡಿದೋರಿಗೆಲ್ಲ ಲಾಬ್ ವೆಡ್ಜೇ ಬೇಕು. ನನಗೂ ಆಸೆ ಇದೆ. ಆದ್ರೆ ಅಷ್ಟು ವಾಲಿದ ಮುಖಕ್ಕೆ ಬಾಲ್ ಅರ್ಧ ಇಂಚು ಮೇಲೆ ತಗುಲಿದ್ರೂ ದೂರ ಎಲ್ಲಾ ಹೋಯ್ತು, ಬಾಲ್ ಕಾಲಿನ ಹತ್ತಿರವೇ ಬೀಳುತ್ತೆ. ಅದನ್ನ ಸಾಕೋಕೆ ವಾರಕ್ಕೆ ಹಲವು ದಿನದ ಅಭ್ಯಾಸ ಬೇಕು, ನಮಗೆ ಸಿಗೋದು ಭಾನುವಾರ ಮಾತ್ರ.

ಹಾಗಾಗಿ ಒಂದೇ ಕೊಳ್ಳೋದಾದ್ರೆ 54 ಅಥವಾ 56, ಬೌನ್ಸ್ 10ರಿಂದ 12, ತಳ ಸ್ವಲ್ಪ ಅಗಲ ಇರೋದು. ಮುಂದಿನ ವರ್ಷ ದುಡ್ಡು ಸೇರಿದ್ರೆ, ಪಿಚಿಂಗ್ ವೆಡ್ಜ್ 44ರ ಹತ್ತಿರ ಇರೋರು 50.

ಸೆಕೆಂಡ್ ಹ್ಯಾಂಡ್ ತಗೊಳ್ಳೋದ್ರಲ್ಲಿ ತಪ್ಪಿಲ್ಲ, ಆದ್ರೆ ಮುಖದ ಗೆರೆಗಳ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದ್ರೆ ಗೆರೆ ಸವೆದಿದೆ ಅಂತ ಅರ್ಥ. ಗೆರೆಗಳ ಕೆಲಸ ಟೈರಿನ ಹಳ್ಳಗಳ ಥರ, ನೀರು ಮತ್ತು ಹುಲ್ಲಿನ ರಸ ಹೊರಹೋಗೋಕೆ ದಾರಿ. ಅವು ಸವೆದ್ರೆ ಒದ್ದೆ ಹುಲ್ಲಲ್ಲಿ ಹಿಡಿತ ತಪ್ಪಿ ಬಾಲ್ ಸ್ಪಿನ್ ಇಲ್ಲದೆ ಮೇಲಕ್ಕೆ ಹಾರುತ್ತೆ, ಇಳಿದ ಮೇಲೆ ಓಡುತ್ತಲೇ ಹೋಗುತ್ತೆ. 2010ರಲ್ಲಿ ನಿಯಮ ಬದಲಾಗಿ ಗೆರೆಗಳ ಗಾತ್ರ ಮತ್ತು ಅಂಚಿನ ಚೂಪಿಗೆ ಮಿತಿ ಬಂತು. ಆ ವರ್ಷ ಮಿಕೆಲ್ಸನ್, ಹಳೇ ಕೋರ್ಟ್ ಕೇಸಿನ ರಾಜಿಯಿಂದ ವಿನಾಯಿತಿ ಪಡೆದಿದ್ದ ಪಿಂಗ್ ಕಂಪನಿಯ ಇಪ್ಪತ್ತು ವರ್ಷ ಹಳೇ ವೆಡ್ಜ್ ತಂದು ಆಡಿ ದೊಡ್ಡ ಗಲಾಟೆ ಎಬ್ಬಿಸಿದ್ದರು. ಆಮೇಲೆ ಮಾರೋರನ್ನ ಇನ್ನೊಂದು ಮಾತು ಕೇಳಿ, ಲಾಫ್ಟ್ ಬಗ್ಗಿಸಿದ್ದೀರಾ ಅಂತ. 56ನ್ನ 54ಕ್ಕೆ ಬಗ್ಗಿಸಿದ್ದರೆ ಬೌನ್ಸ್ ಕೂಡ 2 ಡಿಗ್ರಿ ಇಳಿದಿರುತ್ತೆ, ತಳದಲ್ಲಿ ಕೆತ್ತಿರೋ ನಂಬರ್ ಮಾತ್ರ ಹಾಗೇ ಇರುತ್ತೆ.