ಪ್ರಸಿದ್ಧ ಭಾಷಣಗಳ ಅಧ್ಯಯನ: ಪ್ರಸಂಗಿಗೆ ಅಂತರ್ಜಾಲದ ನೆರವು

ವಾಕ್ಯವನ್ನು ಸಾರುವ ಸೇವೆಗೆ ಕರೆಯಲ್ಪಟ್ಟ ನಮಗೆ ವಾಗ್ಮಿತೆಯ ಅಧ್ಯಯನವು ಹೊರಗಿನ ವಿಷಯವಲ್ಲ. ಮಿಲಾನಿನಲ್ಲಿ ಭಾಷಣಕಲೆಯ ಬೋಧಕರಾಗಿದ್ದ ಅಗಸ್ಟೀನರು ಬಿಷಪ್ ಅಂಬ್ರೋಸರ ಶೈಲಿಯನ್ನು ಗಮನಿಸಲೆಂದು ದೇವಾಲಯಕ್ಕೆ ಹೋದರು. ಕ್ರಮೇಣ ಅವರ ಬೋಧನೆಗೂ ಕಿವಿಗೊಟ್ಟರು. ಮುಂದೆ ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ನಾಲ್ಕನೆಯ ಭಾಗದಲ್ಲಿ, ಕಲಿಸುವುದು, ಹರ್ಷಗೊಳಿಸುವುದು, ಮನವೊಲಿಸುವುದು ಎಂಬ ಸಿಸೆರೋನ ಮೂರು ಉದ್ದೇಶಗಳನ್ನು ಪ್ರಸಂಗಿಯ ಕಾರ್ಯಕ್ಕೆ ಅನ್ವಯಿಸಿದರು.

ಅಂದು ಭಾಷಣವನ್ನು ಕೇಳಲು ಅಲ್ಲಿಗೇ ಹೋಗಬೇಕಿತ್ತು. ಇಂದು ಅದು ನಮ್ಮ ಮೇಜಿನ ಮೇಲೆಯೇ ದೊರೆಯುತ್ತದೆ. ಆದರೆ ಹುಡುಕುವ ಕ್ರಮವನ್ನು ಅರಿಯದಿದ್ದರೆ ನಮಗೆ ಸಿಗುವುದು ಬಿಡಿ ಉಕ್ತಿಗಳಷ್ಟೇ.

ಮಾರ್ಟಿನ್ ಲೂಥರ್ ಕಿಂಗ್ ಅವರು 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಮಾಡಿದ ಭಾಷಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಅಮೆರಿಕನ್ ರೆಟರಿಕ್’ ಎಂಬ ಜಾಲತಾಣದಲ್ಲಿ ಅದರ ಪಠ್ಯವೂ ಧ್ವನಿಮುದ್ರಣವೂ ಇವೆ. ಮೊದಲು ಪಠ್ಯವನ್ನು ಬದಿಗಿಟ್ಟು ಕೇಳಬೇಕು. ಅನಂತರ ಪಠ್ಯವನ್ನು ಹಿಡಿದು ವಿರಾಮ, ಪುನರುಕ್ತಿ, ಸ್ವರದ ಏರಿಳಿತಗಳನ್ನು ಗುರುತಿಸಬೇಕು. ಪುನರುಕ್ತಿಯಂತಹ ಅಲಂಕಾರಗಳ ಹೆಸರು ಮತ್ತು ಲಕ್ಷಣಗಳನ್ನು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ‘ಸಿಲ್ವಾ ರೆಟರಿಕೇ’ ವಿವರಿಸುತ್ತದೆ.

ಮೂರನೆಯ ಹೆಜ್ಜೆ ಭಾಷಣದ ಹಿನ್ನೆಲೆಯನ್ನು ಅರಿಯುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಿಂಗ್ ಅವರ ಹೆಸರಿನಲ್ಲಿರುವ ಸಂಶೋಧನಾ ಸಂಸ್ಥೆಯ ತಾಣವು ಇದಕ್ಕೆ ನೆರವಾಗುತ್ತದೆ. ಕನಸಿನ ಕುರಿತ ಪ್ರಖ್ಯಾತ ಭಾಗವು ಅವರು ಸಿದ್ಧಪಡಿಸಿದ್ದ ಪ್ರತಿಯಲ್ಲಿ ಇರಲೇ ಇಲ್ಲ. ಆದರೂ ಅದು ಆ ಕ್ಷಣದಲ್ಲಿ ಶೂನ್ಯದಿಂದ ಹುಟ್ಟಿದ್ದಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಡೆಟ್ರಾಯಿಟ್‌ನಲ್ಲಿ ಅವರು ಆ ಮಾತುಗಳನ್ನು ಬಳಸಿದ್ದರು. ತಗ್ಗುಗಳು ಮೇಲೇರುವ ಚಿತ್ರವು ಯೆಶಾಯನ ನಲವತ್ತನೆಯ ಅಧ್ಯಾಯದಿಂದ ಬಂದಿದೆ. ನ್ಯಾಯವು ನೀರಿನಂತೆ ಹರಿಯುವ ಚಿತ್ರವು ಆಮೋಸನದು. ವರ್ಷಗಳ ಸತ್ಯವೇದ ಪಠನವೂ ಪ್ರಸಂಗಸೇವೆಯೂ ಆ ಗಳಿಗೆಯಲ್ಲಿ ನಾಲಿಗೆಗೆ ಬಂದವು.

ಪ್ರಾಚೀನ ಪ್ರಸಂಗಿಗಳಿಗೆ ಧ್ವನಿಮುದ್ರಣವಿಲ್ಲ. ಆದರೆ ಯೋಹಾನ ಕ್ರಿಸೋಸ್ತೊಮರ ಪ್ರಸಂಗಗಳು ‘ಕ್ರಿಶ್ಚಿಯನ್ ಕ್ಲಾಸಿಕ್ಸ್ ಇಥೀರಿಯಲ್ ಲೈಬ್ರರಿ’ಯಲ್ಲಿ ಇಂಗ್ಲಿಷ್ ಅನುವಾದದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳನ್ನು ಗಟ್ಟಿಯಾಗಿ ಓದಿದರೆ, ಮುಂದೆ ಕುಳಿತಿರುವ ಸಭೆಯನ್ನು ಅವರು ಹೇಗೆ ಪ್ರಶ್ನಿಸುತ್ತಾರೆ, ಎಚ್ಚರಿಸುತ್ತಾರೆ ಎಂಬುದು ತಿಳಿಯುತ್ತದೆ.

ಇಷ್ಟು ಸುಲಭವಾಗಿ ದೊರೆಯುವುದರಲ್ಲಿಯೇ ನಮಗೆ ಶೋಧನೆಯೂ ಇದೆ. ಶನಿವಾರ ರಾತ್ರಿ ಇಳಿಸಿಕೊಂಡ ಪ್ರಸಂಗವನ್ನು ಭಾನುವಾರ ಬೆಳಿಗ್ಗೆ ನಮ್ಮದೆಂಬಂತೆ ಒಪ್ಪಿಸುವುದು ಕಷ್ಟವೇನಲ್ಲ. ಸ್ವತಃ ರಚಿಸಲಾರದವರು ಇತರರು ಚೆನ್ನಾಗಿ ಬರೆದುದನ್ನು ಕಂಠಪಾಠ ಮಾಡಿ ಬೋಧಿಸುವುದನ್ನು ಅಗಸ್ಟೀನರು ತಪ್ಪೆನ್ನಲಿಲ್ಲ. ಆದರೆ ಅದರಲ್ಲಿ ವಂಚನೆಗೆ ಎಡೆಗೊಡಲಿಲ್ಲ. ಎರವಲು ಪಡೆದದ್ದನ್ನು ಎರವಲೆಂದು ಹೇಳೋಣ. ಪ್ರಸಿದ್ಧ ಭಾಷಣಗಳಿಂದ ನಾವು ಕಲಿಯಬೇಕಾದುದು ಅವುಗಳ ಮಾತುಗಳನ್ನಲ್ಲ, ಆ ಮಾತುಗಳು ರೂಪುಗೊಂಡ ಬಗೆಯನ್ನು. ನಮ್ಮ ಸಭೆಯವರ ಸಾಲ, ರೋಗ, ದುಃಖಗಳನ್ನು ಬಲ್ಲ ಪ್ರಸಂಗವನ್ನು ಯಾವ ಜಾಲತಾಣವೂ ಬರೆದಿಟ್ಟಿಲ್ಲ. ಅದನ್ನು ನಾವೇ ವಾಕ್ಯದ ಮುಂದೆಯೂ ಜನರ ನಡುವೆಯೂ ಕುಳಿತು ಸಿದ್ಧಪಡಿಸಬೇಕು.