ನಿಮಗಿದು ಗೊತ್ತೆ? ಗಾಳಿ ಸೋಕದ ಕಡೆ ಬದುಕುವ ಮೀಥೇನ್ ಜೀವಿಗಳು

ಭದ್ರಾ ನಾಲೆಯ ನೀರು ನಿಂತ ಭದ್ರಾವತಿ ಸೀಮೆಯ ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ಅದನ್ನು ತಯಾರಿಸುವವು ಮೆಥನೋಜೆನ್ ಎಂಬ ಸೂಕ್ಷ್ಮಜೀವಿಗಳು. ನೋಡಲು ಬ್ಯಾಕ್ಟೀರಿಯಾದಂತಿದ್ದರೂ ಇವು ಬೇರೆಯೇ ವಂಶದವು ಎಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಆ ವಂಶಕ್ಕೆ ಈಗ ಆರ್ಕಿಯಾ ಎಂದು ಹೆಸರು.

ನಮಗೆ ಪ್ರಾಣವಾಯುವಾದ ಆಮ್ಲಜನಕ ಇವಕ್ಕೆ ವಿಷ. ಜಲಜನಕವನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ, ಇಲ್ಲವೇ ಅಸಿಟಿಕ್ ಆಮ್ಲವನ್ನು ಒಡೆದು ಇವು ಶಕ್ತಿ ಪಡೆಯುತ್ತವೆ. ಆಗ ಹೊರಬೀಳುವುದೇ ಮೀಥೇನ್. ಹುಲ್ಲು, ಸಗಣಿಯನ್ನು ನೇರವಾಗಿ ತಿನ್ನುವ ಶಕ್ತಿ ಇವಕ್ಕಿಲ್ಲ. ಬ್ಯಾಕ್ಟೀರಿಯಾಗಳು ಮೊದಲು ಆಮ್ಲಜನಕವನ್ನು ಬಳಸಿ ಮುಗಿಸಿ, ನಾರನ್ನು ಕರಗಿಸಿ ಕೊಡಬೇಕು. ಸಿಗುವ ಶಕ್ತಿಯೂ ಅತ್ಯಲ್ಪ, ಹಾಗಾಗಿ ಬೆಳವಣಿಗೆ ನಿಧಾನ. ಹೊಸ ಗೋಬರ್ ಗ್ಯಾಸ್ ಗುಂಡಿಗೆ ಸಗಣಿ ತುಂಬಿದ ಮರುದಿನವೇ ಒಲೆ ಉರಿಯದಿರುವುದಕ್ಕೆ ಇದೇ ಕಾರಣ.

ಹಸುವಿನ ಹೊಟ್ಟೆಯಲ್ಲೂ ಇವುಗಳ ವಾಸ. ಅಲ್ಲಿನ ಮೀಥೇನ್ ಬಹುಪಾಲು ಹೊರಬರುವುದು ತೇಗಿನಲ್ಲಿ, ಬಾಯಿಯ ಮೂಲಕ!

ಈ ಅಡಗು ಜೀವಿಗಳಿಂದ ಊರಿಗೇ ಬೆಳಕು ತಂದದ್ದು ತುಮಕೂರು ಜಿಲ್ಲೆಯ ಪುರ ಗ್ರಾಮ. ಅಲ್ಲಿ 1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಮುದಾಯ ಗೋಬರ್ ಗ್ಯಾಸ್ ಸ್ಥಾವರದಿಂದ ಎಂಜಿನ್ ಓಡಿಸಿ, ಮನೆಗಳಿಗೆ ವಿದ್ಯುತ್ತನ್ನೂ ಕೊಳವೆಬಾವಿಯ ನೀರನ್ನೂ ಒದಗಿಸಿದರು. ಅನಿಲ ತೆಗೆದ ಮೇಲೂ ಸಗಣಿಯ ಸಾರಜನಕ ಉಳಿಯುತ್ತದೆ. ಆ ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳುತ್ತಿತ್ತು.